ಹೋದವರು, ಉಳಿದವರು, ಬಂದವರು



ವಿದೇಶಕ್ಕೆ ಹೋಗಿ ನೆಲೆಸುವವರ ಕುರಿತು ನಮ್ಮ ಕುಟುಂಬಗಳಲ್ಲಿ ಎರಡು ಬಗೆಯ ಮಾತುಗಳು ಬಹುಕಾಲದಿಂದ ರೂಢಿಯಲ್ಲಿವೆ. ಮಗನಿಗೆ ವೀಸಾ ದೊರೆತ ದಿನ ಅದನ್ನು ದೇವರ ಆಶೀರ್ವಾದವೆಂದು ತಿಳಿದು ಕೃತಜ್ಞತಾ ಪೂಜೆ ಮಾಡಿಸುತ್ತೇವೆ. ಅದೇ ಮಗ ತಂದೆಯ ಮಣ್ಣಿಗೆ ಹೊತ್ತಿಗೆ ಸರಿಯಾಗಿ ಬಂದು ಸೇರದಿದ್ದರೆ ಅವನನ್ನು ಕೃತಘ್ನನೆನ್ನುತ್ತೇವೆ. ಈ ಎರಡು ತೀರ್ಪುಗಳ ನಡುವೆ ತೂಗಾಡುತ್ತಿರುವ ನಾವು ಎರಡು ಕೃತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಪರಿಶೀಲಿಸುವುದು ಒಳಿತು. ಒಂದು, ನಾಗತಿಹಳ್ಳಿ ಚಂದ್ರಶೇಖರ ಅವರು ನಿರ್ದೇಶಿಸಿ 1997ರಲ್ಲಿ ತೆರೆಕಂಡ 'ಅಮೆರಿಕಾ ಅಮೆರಿಕಾ' ಚಲನಚಿತ್ರ. ಮತ್ತೊಂದು, ಪವಿತ್ರ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ, ಕೇವಲ ನಾಲ್ಕು ಅಧ್ಯಾಯಗಳ ರೂತಳ ಗ್ರಂಥ.

ಚಿತ್ರದ ಕಥೆ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಸೂರ್ಯ, ಶಶಾಂಕ, ಭೂಮಿಕಾ ಮೂವರೂ ಗೆಳೆಯರು. ಶಶಾಂಕ ಅಮೆರಿಕಕ್ಕೆ ಹೋಗುತ್ತಾನೆ. ಸೂರ್ಯ ತಾಯ್ನೆಲವನ್ನು ನಂಬಿ ನಿಲ್ಲುತ್ತಾನೆ. ಭೂಮಿಕಾ ಶಶಾಂಕನ ಕೈಹಿಡಿದು ಸಾಗರ ದಾಟುತ್ತಾಳೆ. ನಿರ್ದೇಶಕರ ಒಲವು ಈ ಹೆಸರುಗಳಲ್ಲಿಯೇ ವ್ಯಕ್ತವಾಗಿದೆ. ಸ್ವಂತ ಬೆಳಕುಳ್ಳವನು ಉಳಿದವನು, ಎರವಲು ಬೆಳಕಿನವನು ಹೋದವನು. ಕಡಲಾಚೆಯ ಕನ್ನಡಿಗರ ಬದುಕನ್ನು ಅವರಿರುವ ಪರಿಸರದಲ್ಲಿಯೇ ತೋರಿಸಿದ್ದು ಈ ಚಿತ್ರದ ಹಿರಿಮೆ. ಅಮೆರಿಕದಲ್ಲಿ ನೆಲೆಸಿದ್ದ ಮನೋಮೂರ್ತಿ ಅವರ ಸಂಗೀತದಲ್ಲಿ ಅಗಲಿಕೆಯ ನೋವು ಹೃದ್ಯವಾಗಿ ಕೇಳಿಸುತ್ತದೆ. ಆದರೂ ಚಿತ್ರ ತನ್ನ ಪ್ರಶ್ನೆಯನ್ನು ಪ್ರೇಮಕಥೆಯ ಚೌಕಟ್ಟಿಗೆ ಕಿರಿದುಗೊಳಿಸಿದೆ. ಹೋಗುವುದು ಸರಿಯೋ ಉಳಿಯುವುದು ಸರಿಯೋ ಎಂಬ ವಾದವೇ ಅದರ ತಿರುಳು. ಹೋದ ಮೇಲೆ ಉಳಿದವರನ್ನು ಯಾರು ನೋಡಿಕೊಳ್ಳಬೇಕು ಎಂಬುದು ಅದರ ಕೇಂದ್ರಕ್ಕೆ ಬರುವುದಿಲ್ಲ.

ಈ ಚಿತ್ರದಲ್ಲಿ ಗೋಪಾಲಕೃಷ್ಣ ಅಡಿಗರ 'ಮೋಹನ ಮುರಳಿ' ಕವಿತೆಯನ್ನು ಬಳಸಿಕೊಳ್ಳಲಾಗಿದೆ. ಕವಿತೆಯಲ್ಲಿ ಆಚೆ ದಡಕ್ಕೆ ಹೆಸರಿಲ್ಲ, ಕರೆದವನಾರೆಂಬ ಉತ್ತರವೂ ಇಲ್ಲ. ಇರುವ ಸುಖವನ್ನು ಬಿಟ್ಟು ಕಾಣದುದಕ್ಕಾಗಿ ಹಂಬಲಿಸುವುದು ಮನುಷ್ಯನ ಸ್ವಭಾವವೇ ಎಂದು ಕವಿ ಬೆರಗಾಗುತ್ತಾರೆ. ಚಿತ್ರವು ಆ ದಡಕ್ಕೆ ಅಮೆರಿಕವೆಂದು ಹೆಸರಿಟ್ಟೊಡನೆ ಬೆರಗು ಕುಗ್ಗಿ, ತೀರ್ಪು ಹಿಗ್ಗುತ್ತದೆ. ಒಂದು ದೇಶವನ್ನು ಮೋಹವೆಂದೂ ಇನ್ನೊಂದನ್ನು ಸತ್ಯವೆಂದೂ ವಿಂಗಡಿಸಿದರೆ ನಮ್ಮ ಕರ್ತವ್ಯ ಸುಲಭವಾಗಿಬಿಡುತ್ತದೆ. ಆಗ ಉಳಿದವರು ಉಳಿದ ಮಾತ್ರಕ್ಕೇ ಧನ್ಯರು!

ರೂತಳ ಗ್ರಂಥ ಇಂತಹ ತೀರ್ಪನ್ನು ಕೊಡುವುದಿಲ್ಲ. ಬೆತ್ಲೆಹೇಮಿನಲ್ಲಿ ಬರಗಾಲ, ಎಲೀಮೆಲೆಕನು ಹೆಂಡತಿ ನವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮೋವಾಬ್ ನಾಡಿಗೆ ಹೋಗುತ್ತಾನೆ. ಅಲ್ಲಿ ಮೂವರು ಗಂಡಸರೂ ಸಾಯುತ್ತಾರೆ. ಬರಗಾಲದಲ್ಲಿ ತನ್ನವರನ್ನು ಬಿಟ್ಟು ಹೋದನೆಂಬ ಕಾರಣಕ್ಕೆ ಹಿಂದಿನ ಯೆಹೂದಿ ವ್ಯಾಖ್ಯಾನಕಾರರು ಎಲೀಮೆಲೆಕನನ್ನು ದೂಷಿಸಿದ್ದುಂಟು. ಆದರೆ ಮೂಲಗ್ರಂಥ ಹೋದದ್ದನ್ನು ಹೇಳುತ್ತದೆ, ಸತ್ತದ್ದನ್ನು ಹೇಳುತ್ತದೆ; ಎರಡಕ್ಕೂ ಗಂಟು ಹಾಕುವುದಿಲ್ಲ. ಅತ್ತೆಯ ಮಾತಿನಂತೆ ತವರಿಗೆ ಹಿಂದಿರುಗಿದ ಒರ್ಪಾಳನ್ನೂ ಅದು ಹಳಿಯುವುದಿಲ್ಲ. ರೂತಳನ್ನು ಹೊಗಳುವ ಭರದಲ್ಲಿ ಒರ್ಪಾಳನ್ನು ಜರೆಯುವುದು ನಾವು ಬೆಳೆಸಿಕೊಂಡ ಅಭ್ಯಾಸ.

ಸುಮಾರು ಹತ್ತು ವರ್ಷಗಳ ನಂತರ ನವೊಮಿ ಬರಿಗೈಯಲ್ಲಿ ಮರಳುತ್ತಾಳೆ. ಇಲ್ಲಿಂದ ಮುಂದೆ ಗ್ರಂಥದ ಗಮನವೆಲ್ಲ ಊರಿನ ಮೇಲೆ. ನಾಲ್ಕನೆಯ ಅಧ್ಯಾಯವನ್ನು ದಯವಿಟ್ಟು ಮತ್ತೊಮ್ಮೆ ಓದಿ. ಎಲೀಮೆಲೆಕನ ಹೊಲದ ವಿಷಯ ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರ ಮುಂದೆ ಬರುತ್ತದೆ. ಹತ್ತಿರದ ಬಂಧುವೊಬ್ಬನು ಹೊಲವನ್ನು ಬಿಡಿಸಿಕೊಳ್ಳಲು ಕೂಡಲೇ ಒಪ್ಪುತ್ತಾನೆ. ಹೊಲದೊಡನೆ ಮೋವಾಬಿನ ವಿಧವೆಯ ಹೊಣೆಯೂ ಬರುತ್ತದೆಂದು ತಿಳಿದಾಗ, ತನ್ನ ಸ್ವಂತ ಆಸ್ತಿಗೆ ನಷ್ಟವಾದೀತೆಂದು ಹಿಂಜರಿಯುತ್ತಾನೆ. ಅವನಿಗೆ ಜಮೀನು ಬೇಕು, ಜನ ಬೇಡ. ಗ್ರಂಥ ಅವನ ಹೆಸರನ್ನು ಕೂಡ ಉಳಿಸಿಲ್ಲ.

ಈ ಬಂಧುವನ್ನು ನಾವು ದೂರದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ದೊಡ್ಡನೆಕ್ಕುಂದಿಯನ್ನೇ ನೋಡಿ. ರಾಗಿ ಬೆಳೆಯುತ್ತಿದ್ದ ಊರು ಮೊದಲು ಕೈಗಾರಿಕಾ ಪ್ರದೇಶವಾಯಿತು. ಬಳಿಕ ಹೊರವರ್ತುಲ ರಸ್ತೆಯ ಉದ್ದಕ್ಕೂ ಸಾಫ್ಟ್‌ವೇರ್ ಕಚೇರಿಗಳು ಎದ್ದವು. ಆ ಕಚೇರಿಗಳಿಂದಲೇ ಎಷ್ಟೋ ಯುವಕ ಯುವತಿಯರು ಕಡಲಾಚೆಗೆ ಹೋದರು. 2008ರ ಮೇ ತಿಂಗಳವರೆಗೆ ಸಮೀಪದ ಎಚ್.ಎ.ಎಲ್. ನಿಲ್ದಾಣದಲ್ಲಿ ಮಕ್ಕಳನ್ನು ಬೀಳ್ಕೊಡುತ್ತಿದ್ದ ಹೆತ್ತವರು ಈಗ ಅದಕ್ಕಾಗಿ ದೇವನಹಳ್ಳಿಯವರೆಗೆ ಹೋಗಬೇಕು. ಹಿಂದಿರುಗಿದರೆ ಮನೆಯಲ್ಲಿ ಇಬ್ಬರೇ. ಕೆಲವು ವರ್ಷಗಳ ನಂತರ ಒಬ್ಬರೇ. ಅಂಥ ಮನೆಯ ನಿವೇಶನದ ಬೆಲೆ ಎಷ್ಟಾಯಿತೆಂದು ವಿಚಾರಿಸುವ ಬಂಧುಗಳು ಹಲವರು. ರಾತ್ರಿ ಎದೆನೋವು ಬಂದರೆ ಯಾರಿಗೆ ಫೋನ್ ಮಾಡುತ್ತೀರಿ ಎಂದು ವಿಚಾರಿಸುವವರು ವಿರಳ. ಹಿರಿಯರ ಪೋಷಣೆಗಾಗಿ 2007ರಲ್ಲಿ ಅಂಗೀಕೃತವಾದ ಕೇಂದ್ರ ಕಾನೂನು ವಿದೇಶದಲ್ಲಿರುವ ಭಾರತೀಯ ಪೌರರಿಗೂ ಅನ್ವಯಿಸುತ್ತದೆ. ಕಾನೂನು ಜೀವನಾಂಶ ಕೊಡಿಸಬಲ್ಲದು. ಪಕ್ಕದ ಮನೆಯವರನ್ನು ಎಬ್ಬಿಸಲಾರದು.

ಹೋದವರು, ಉಳಿದವರು ಎಂಬ ಇಬ್ಬರೊಡನೆ ಮೂರನೆಯವರೂ ಇಲ್ಲಿದ್ದಾರೆ. ಹಾಸಿಗೆ ಹಿಡಿದ ನಮ್ಮ ಹಿರಿಯರನ್ನು ಆರೈಕೆ ಮಾಡುವ ದಾದಿ ಕೇರಳದಿಂದಲೋ ಒಡಿಶಾದಿಂದಲೋ ಬಂದಿರುತ್ತಾಳೆ. ಕಟ್ಟಡದ ಕಾವಲುಗಾರ ಕಲಬುರಗಿಯ ಕಡೆಯವನಿರಬಹುದು. ನಮ್ಮ ಮಗಳು ಅಲ್ಲಿ ಪರದೇಶಿಯಾಗಿರುವಂತೆ ಇವಳು ಇಲ್ಲಿ ಪರಸ್ಥಳದವಳು. ಇವಳ ತಾಯಿಯೂ ಎಲ್ಲೋ ಫೋನಿಗಾಗಿ ಕಾದಿರುತ್ತಾಳೆ. ಬೆತ್ಲೆಹೇಮಿನಲ್ಲಿ ನವೊಮಿಯ ಹೊಟ್ಟೆ ತುಂಬಿಸಿದವಳು ಇಂಥ ಹೊರಗಿನವಳೇ. ಆಕೆ ಏಳು ಗಂಡುಮಕ್ಕಳಿಗಿಂತ ಮಿಗಿಲೆಂದು ನೆರೆಯ ಹೆಂಗಸರೇ ಸಾರಿದರು. ಸಂತ ಮತ್ತಾಯನು ಪ್ರಭು ಯೇಸುವಿನ ವಂಶಾವಳಿಯಲ್ಲಿ ಆಕೆಯ ಹೆಸರನ್ನು ಸೇರಿಸಿದನು.

ಆಕೆ ದುಡಿದು ತರಲು ಸಾಧ್ಯವಾದದ್ದು ಹೇಗೆ? ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಎಂಬ ವಿಧಿ ಯಾಜಕಕಾಂಡದಲ್ಲಿದೆ. ಬೋವಜನು ಅದನ್ನು ಪಾಲಿಸಿದ್ದಲ್ಲದೆ, ಸಿವುಡುಗಳಿಂದ ತೆನೆಗಳನ್ನು ಬೇಕೆಂದೇ ಬೀಳಿಸುವಂತೆ ಆಳುಗಳಿಗೆ ಹೇಳಿದನು. ನಮ್ಮ ಹೊಲಗಳು ಈಗ ಕಟ್ಟಡಗಳಾಗಿವೆ; ನಾವು ಬಿಡಬಹುದಾದ ಹಕ್ಕಲು ನಮ್ಮ ಸಮಯ. ಭಾನುವಾರದ ಪೂಜೆಯ ನಂತರದ ಒಂದು ಗಂಟೆಯನ್ನು ಒಂಟಿ ಹಿರಿಯರೊಬ್ಬರಿಗೆ ಮೀಸಲಿಡುವುದು, ದಾದಿಗೆ ವಾರದ ರಜೆ ದೊರೆಯುವಂತೆ ಆ ದಿನ ಸರದಿಯಲ್ಲಿ ಕೂರುವುದು, ಆಕೆಯನ್ನು ಹೆಸರು ಹಿಡಿದು ಕರೆದು ನಮ್ಮ ಪಕ್ಕದ ಬೆಂಚಿಗೆ ಬರಮಾಡಿಕೊಳ್ಳುವುದು ಯಾವ ಧರ್ಮಕೇಂದ್ರಕ್ಕೂ ಅಸಾಧ್ಯವಲ್ಲ.

ರೂತಳ ಗ್ರಂಥಕ್ಕೂ ಮಿತಿಯಿದೆ ಎಂಬುದನ್ನು ಮರೆಯಬಾರದು. ಅದು ಮದುವೆಯಲ್ಲಿ, ಮಗುವಿನ ಜನನದಲ್ಲಿ ಸುಖಾಂತವಾಗುತ್ತದೆ. ಎಲ್ಲ ನವೊಮಿಯರ ಮಡಿಲಿಗೂ ಮೊಮ್ಮಗು ಬರುವುದಿಲ್ಲ. ಹಲವರಿಗೆ ಅದು ಫೋನಿನ ಪರದೆಯಲ್ಲಿ ಕಾಣುವ ಮುಖ ಮಾತ್ರ. ಆದುದರಿಂದಲೇ ಊರಿನ ಪಾತ್ರ ದೊಡ್ಡದು. ಮಕ್ಕಳು ಹೋಗಲಿ, ಹರಸಿ ಕಳುಹಿಸೋಣ. ಬರಲಾಗದಿದ್ದರೆ ಶಪಿಸುವುದು ಬೇಡ. ಅವರು ಬಿಟ್ಟುಹೋದ ಬಾಗಿಲನ್ನು ಈ ವಾರ ತಟ್ಟುವವರು ಯಾರೆಂಬುದನ್ನು, ಓದುಗರೇ, ನೀವೂ ನಿಮ್ಮ ಮನೆಯವರೂ ಕುಳಿತು ನಿರ್ಧರಿಸಿ.