ಗರ್ಭಪಾತ ಕಾಯ್ದೆಯನ್ನು ಮಸ್ಕಿಯಲ್ಲಿ ನಿಂತು ಓದಿದಾಗ

1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಬಂದಾಗ ಹೆಚ್ಚು ಚರ್ಚೆಯಾದದ್ದು ವಾರಗಳ ಮಿತಿ. 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತೆಯರು, ಬಸುರಿಯಾಗಿದ್ದಾಗ ವಿಧವೆಯಾದವರು ಮೊದಲಾದವರಿಗೆ ಇಬ್ಬರು ವೈದ್ಯರು ಒಪ್ಪಿದರೆ 24 ವಾರ. ಮದುವೆಯಾಗದವರನ್ನು ಇದರಿಂದ ಹೊರಗಿಡುವಂತಿಲ್ಲವೆಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇವೆಲ್ಲ ದೊಡ್ಡ ಗೆಲುವುಗಳೇ. ಆದರೆ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಸೋಲುವುದು ಮೊದಲ 9 ವಾರಗಳಲ್ಲಿ.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತದ ನಾಟಿ, ಒಣಭೂಮಿಯಲ್ಲಿ ತೊಗರಿ, ಹತ್ತಿ, ಬೇಸಿಗೆಯಲ್ಲಿ ಬೆಂಗಳೂರಿಗೆ ಗುಳೆ: ಇದು ಇಲ್ಲಿನ ಕೂಲಿ ಹೆಂಗಸರ ವರ್ಷ. ತಿಂಗಳು ನಿಂತದ್ದು ಖಾತ್ರಿಯಾಗುವ ಹೊತ್ತಿಗೇ ಕೆಲವು ವಾರ ಕಳೆದಿರುತ್ತವೆ. ತಾಲ್ಲೂಕು ಆಸ್ಪತ್ರೆಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕು, ಬಸ್ಸಿನ ಖರ್ಚು ಹೊಂದಿಸಬೇಕು, ಮನೆಯಲ್ಲಿ ಕಾರಣ ಹೇಳಬೇಕು. ಅಲ್ಲಿಂದ ರಾಯಚೂರಿಗೆ ಕಳಿಸಿದರೆ ಮತ್ತೊಂದು ದಿನ ಹೋಯಿತು. 9 ವಾರದೊಳಗೆ ಗುಳಿಗೆಯಲ್ಲಿ ಮುಗಿಯಬೇಕಾದದ್ದು ಹೀಗೆ ತಡವಾಗಿ ಶಸ್ತ್ರಕ್ರಿಯೆಗೆ ಮುಟ್ಟುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ದೇಶದಲ್ಲಿ ಕಾಲುಭಾಗಕ್ಕೂ ಹೆಚ್ಚು ಗರ್ಭಪಾತಗಳನ್ನು ಹೆಂಗಸರೇ ಮನೆಯಲ್ಲಿ ಮಾಡಿಕೊಂಡಿದ್ದಾರೆ. ಇದಕ್ಕೆ ಅವರನ್ನು ದೂರುವುದು ಅನ್ಯಾಯ. ಗರ್ಭಪಾತಕ್ಕೆ ಕೊಡುವ ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಗುಳಿಗೆಗಳು ಸರಿಯಾದ ಪ್ರಮಾಣದಲ್ಲಿ, ಸರಿಯಾದ ಸಮಯದಲ್ಲಿ ತೆಗೆದುಕೊಂಡರೆ ಸುರಕ್ಷಿತ. ಔಷಧಿ ಅಂಗಡಿಯಲ್ಲಿ ಗುಳಿಗೆ ಸಿಕ್ಕರೂ ತಿಳಿವಳಿಕೆ ಸಿಗುವುದಿಲ್ಲ. ರಕ್ತಸ್ರಾವ ಹೆಚ್ಚಾದಾಗ ಭಯವಿಲ್ಲದೆ ಹೋಗುವ ಜಾಗವೂ ಇರುವುದಿಲ್ಲ. ಅಪಾಯವಿರುವುದು ಇಲ್ಲಿ.

ಕಾಯ್ದೆಯ ಮೂಲ ದೋಷವನ್ನೂ ಹೇಳಲೇಬೇಕು. ಗರ್ಭಪಾತ ಇಂದಿಗೂ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಡಿ ಅಪರಾಧ. ಈ ಕಾಯ್ದೆ ಅದಕ್ಕೊಂದು ವಿನಾಯಿತಿ ಮಾತ್ರ. ತೀರ್ಮಾನ ವೈದ್ಯರ ಕೈಯಲ್ಲಿದೆ. ಹೀಗಾಗಿಯೇ ಎಷ್ಟೋ ವೈದ್ಯರು ತಮ್ಮ ರಕ್ಷಣೆಗೆಂದು ಗಂಡನ ಸಹಿ ಕೇಳುತ್ತಾರೆ. ಆದರೆ 18 ತುಂಬಿದ ಹೆಣ್ಣಿಗೆ ಕಾನೂನಿನಲ್ಲಿ ಅವಳ ಒಪ್ಪಿಗೆಯೊಂದೇ ಸಾಕು. ಬಾಲ್ಯವಿವಾಹ ನಿಲ್ಲದ ಈ ಸೀಮೆಯಲ್ಲಿ ಹದಿನಾರರ ಹುಡುಗಿ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕರಣಕ್ಕೆ ಹೆದರಿ ಆಸ್ಪತ್ರೆಯಿಂದ ದೂರ ಉಳಿಯುತ್ತಾಳೆ. ಅವಳೂ ಪೋಷಕರೂ ಕೋರಿದರೆ ವೈದ್ಯರು ಪೊಲೀಸರಿಗೆ ಅವಳ ಹೆಸರು ತಿಳಿಸಬೇಕಿಲ್ಲವೆಂದು ಅದೇ 2022ರ ತೀರ್ಪು ಹೇಳಿದೆ. ಆ ಮಾತು ಅವಳ ಓಣಿಗೆ ತಲುಪಬೇಕು.

ಇಷ್ಟಾದರೂ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. 9 ವಾರದೊಳಗಿನ ಗರ್ಭಪಾತವನ್ನು ಗುಳಿಗೆಯಿಂದ ಮಾಡಿಸಲು, ತಜ್ಞರ ಮೇಲ್ವಿಚಾರಣೆಯಲ್ಲಿ ಅಂಥ 10 ಪ್ರಕರಣ ನಿರ್ವಹಿಸಿದ ಎಂಬಿಬಿಎಸ್ ವೈದ್ಯರಿಗೆ 2021ರ ನಿಯಮಗಳೇ ಅವಕಾಶ ಕೊಟ್ಟಿವೆ. ಸರ್ಕಾರಿ ಆಸ್ಪತ್ರೆಗಳಿಗೆ ಪ್ರತ್ಯೇಕ ಅನುಮತಿಯೂ ಬೇಡ. ಈ ಮೂರು ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಆ ತರಬೇತಿ ಕೊಡಿ, ಗುಳಿಗೆಗಳನ್ನು ದಾಸ್ತಾನಿಡಿ, ಆಶಾ ಕಾರ್ಯಕರ್ತೆಯರಿಗೆ ವಿಷಯ ತಿಳಿಸಿ. ಗಂಡನ ಸಹಿ ಬೇಕಿಲ್ಲವೆಂದು ಗೋಡೆಯ ಮೇಲೆ ಬರೆಸಿ. 24 ವಾರದ ಹಕ್ಕು ಅಗತ್ಯವೇ. ಆದರೆ ಕೂಲಿ ಹೆಂಗಸಿಗೆ 9 ವಾರದೊಳಗೆ ತನ್ನೂರಿನ ಹತ್ತಿರವೇ ಚಿಕಿತ್ಸೆ ಸಿಗುವವರೆಗೆ ಈ ಕಾಯ್ದೆ ಗೆದ್ದಿತೆಂದು ಒಪ್ಪಲಾರೆ.