15 ಎಕರೆ 39 ಗುಂಟೆ

ಇನ್ನೊಂದು ಗುಂಟೆ ಸೇರಿದ್ದರೆ ಸರಿಯಾಗಿ ಹದಿನಾರು ಎಕರೆ ಆಗುತ್ತಿತ್ತು. ಬೆಂಗಳೂರಿನ ಬಳ್ಳಾರಿ ರಸ್ತೆಯನ್ನೂ ಜಯಮಹಲ್ ರಸ್ತೆಯನ್ನೂ ಅಗಲ ಮಾಡಲು ಅರಮನೆ ಮೈದಾನದ ಅಂಚಿನಿಂದ ಕತ್ತರಿಸಿಕೊಳ್ಳಬೇಕೆಂದುಕೊಂಡ ಜಾಗ ಇಷ್ಟು. ಯೋಜನೆಗೆ ಹದಿನೈದು ವರ್ಷ ದಾಟಿದೆ. ಈ ನಡುವೆ ಮುಖ್ಯಮಂತ್ರಿಗಳು ಬಂದುಹೋದರು. ಯೋಜನೆ ಹಾಕಿದ ಪಾಲಿಕೆ ಬಿಬಿಎಂಪಿಯೇ 2025ರ ಸೆಪ್ಟೆಂಬರಿನಲ್ಲಿ ಐದು ಹೋಳಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಸೇರಿತು. ಬಳ್ಳಾರಿ ರಸ್ತೆಯ ಮೇಖ್ರಿ ಸರ್ಕಲ್‌ನಲ್ಲಿ ಸಂಜೆ ಆರು ಗಂಟೆಗೆ ಸಿಕ್ಕಿಕೊಂಡವರಿಗೆ ಇದ್ಯಾವುದೂ ಸಂಬಂಧವಿಲ್ಲದ ಸುದ್ದಿ. ಅವರ ಮುಂದೆ ಇರುವುದು ಕೆಂಪು ದೀಪಗಳ ಸಾಲು, ಅಷ್ಟೆ.

ಈ ರಸ್ತೆಗೆ ಅಗಲ ಬೇಕು ಎಂಬ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇನಲ್ಲಿ. ಅದಕ್ಕೂ ಮೊದಲು ಬಳ್ಳಾರಿ ರಸ್ತೆ ಊರಿನಿಂದ ಹೊರಗೆ ಹೋಗುವ ಹಲವು ರಸ್ತೆಗಳಲ್ಲಿ ಒಂದಾಗಿತ್ತು. ಆಮೇಲೆ ಇಡೀ ಊರಿನ ಹೆಬ್ಬಾಗಿಲೇ ಆಯಿತು. ಹೆಬ್ಬಾಳದಿಂದ ಆಚೆಗೆ ಎತ್ತರಿಸಿದ ಹೆದ್ದಾರಿ ಬಂತು. ಆ ಹೆದ್ದಾರಿಯಲ್ಲಿ ಹಾರಿಕೊಂಡು ಬಂದ ಕಾರು ಹೆಬ್ಬಾಳದಲ್ಲಿ ಇಳಿದು, ಮೇಖ್ರಿಗೆ ಬಂದು, ಕಾವೇರಿ ಜಂಕ್ಷನ್ನಿನ ಹತ್ತಿರ ಬರುವ ಹೊತ್ತಿಗೆ ತೆವಳುತ್ತಿರುತ್ತದೆ. ಆಂಬುಲೆನ್ಸಿನ ಕೂಗನ್ನು ಕೇಳುತ್ತ, ಸರಿಯಲು ಜಾಗವಿಲ್ಲದೆ ಸ್ಟೀರಿಂಗ್ ಹಿಡಿದು ಕೂತವನಿಗೆ ಪಕ್ಕದಲ್ಲೇ ಖಾಲಿ ಬಿದ್ದಂತೆ ಕಾಣುವ ಅರಮನೆ ಮೈದಾನದ ಗೋಡೆ ಕಣ್ಣಿಗೆ ಚುಚ್ಚುತ್ತದೆ. ಇಷ್ಟು ಜಾಗ ಇದೆಯಲ್ಲ, ಒಂದಿಷ್ಟು ತಗೊಳ್ಳಬಾರದೆ ಎಂದು ಅನ್ನಿಸುವುದು ಸಹಜ. ಯೋಜನೆ ಹುಟ್ಟಿದ್ದೂ ಅಂಥ ಒಂದು ಅನಿಸಿಕೆಯಿಂದಲೇ ಇರಬೇಕು.

ತೊಡಕು ಶುರುವಾದದ್ದು ಆ 'ಒಂದಿಷ್ಟು' ಜಾಗಕ್ಕೆ ಬೆಲೆ ಕಟ್ಟುವಾಗ.

1996ರಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರು ಅರಮನೆಯನ್ನೂ ಅದರ ಸುತ್ತಲಿನ ಸುಮಾರು 472 ಎಕರೆಯನ್ನೂ ವಶಕ್ಕೆ ಪಡೆಯಲು ಕಾಯ್ದೆ ಮಾಡಿತು. ಕಾಯ್ದೆ ಇಡೀ ಆಸ್ತಿಗೆ ಗೊತ್ತುಮಾಡಿದ ಪರಿಹಾರ 11 ಕೋಟಿ ರೂಪಾಯಿ. ಮೈಸೂರಿನ ರಾಜಮನೆತನದವರು ಕೋರ್ಟಿಗೆ ಹೋದರು. ಹೈಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು, ಮೇಲ್ಮನವಿ 1997ರಿಂದ ಸುಪ್ರೀಂ ಕೋರ್ಟಿನಲ್ಲಿ ಕೂತಿತು. ಮೊಕದ್ದಮೆ ಇತ್ಯರ್ಥವಾಗದ ಜಮೀನಿನಲ್ಲಿ ರಸ್ತೆ ಮಾಡಬೇಕಾದರೆ ಜಮೀನು ಬಿಟ್ಟುಕೊಡುವವರಿಗೆ ಟಿಡಿಆರ್ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಟಿಡಿಆರ್ ಎಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು. ನಿಮ್ಮ ಜಾಗ ರಸ್ತೆಗೆ ಹೋದರೆ ದುಡ್ಡಿನ ಬದಲು ಒಂದು ಪತ್ರ ಸಿಗುತ್ತದೆ. ಅದನ್ನು ಹಿಡಿದು ನೀವು ಬೇರೆ ಕಡೆ ನಿಯಮದ ಮಿತಿಗಿಂತ ಒಂದಿಷ್ಟು ಹೆಚ್ಚು ಕಟ್ಟಬಹುದು, ಇಲ್ಲವೆ ಕಟ್ಟುವವರಿಗೆ ಮಾರಬಹುದು. 2024ರ ಡಿಸೆಂಬರಿನಲ್ಲಿ ಕೋರ್ಟು ಮತ್ತೆ, ಈ ಸಲ ಗದರಿಸಿಯೇ, ಇವತ್ತಿನ ಮಾರ್ಗಸೂಚಿ ದರದ ಲೆಕ್ಕದಲ್ಲಿ ಟಿಡಿಆರ್ ಕೊಡಲು ಆದೇಶಿಸಿತು. ಅದರ ಬೆಲೆ ಮೂರು ಸಾವಿರ ಕೋಟಿ ರೂಪಾಯಿ ದಾಟುತ್ತದೆ ಎಂದು ಲೆಕ್ಕ ಹಾಕಿದ್ದು ಸರ್ಕಾರವೇ.

ಸ್ವಲ್ಪ ಬಾಯಿಲೆಕ್ಕ ಮಾಡೋಣ. 1996ರ ಕಾಯ್ದೆಯ ಲೆಕ್ಕದಲ್ಲಿ ಎಕರೆಗೆ ಸುಮಾರು ಎರಡೂಕಾಲು ಲಕ್ಷ, ಅಂದರೆ ಹದಿನಾರು ಎಕರೆಗೆ 40 ಲಕ್ಷವೂ ಮುಟ್ಟುವುದಿಲ್ಲ. ಇವತ್ತಿನ ಲೆಕ್ಕದಲ್ಲಿ ಎಕರೆಗೆ 190 ಕೋಟಿಯ ಹತ್ತಿರ. ಒಂದೇ ಮಣ್ಣು, ಒಂದೇ ಗೋಡೆ. 2025ರ ಜನವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದನ್ನೇ ಮಸೂದೆ ಮಾಡಿ ಸದನದಲ್ಲಿ ಪಾಸು ಮಾಡಿಸಿತು. ಅದರ ತಿರುಳು ಇಷ್ಟು: ಇಂಥ ಬೆಲೆಗೆ ಈ ರಸ್ತೆ ಬೇಕೇ ಬೇಡವೇ ಎಂಬುದನ್ನು ಸರ್ಕಾರ ತೀರ್ಮಾನಿಸುತ್ತದೆ, ಬೇಡವೆನಿಸಿದರೆ ಯೋಜನೆಯನ್ನೇ ಕೈಬಿಡುತ್ತದೆ.

ಇಡೀ ಕತೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಈ ಘಟ್ಟ. ಇಷ್ಟು ವರ್ಷ 'ಅತ್ಯಗತ್ಯ', 'ಜನರ ಹಿತ' ಎನಿಸಿಕೊಂಡಿದ್ದ ಅಗಲೀಕರಣ, ಬಿಲ್ಲು ಮೇಜಿನ ಮೇಲೆ ಬಿದ್ದ ಕೂಡಲೇ ಬಿಟ್ಟರೂ ನಡೆಯುವಂಥದ್ದಾಯಿತು. ಸರ್ಕಾರ ತಪ್ಪು ಮಾಡಿತು ಎಂದು ನಾನು ಹೇಳುತ್ತಿಲ್ಲ. ಎರಡು ಕಿಲೋಮೀಟರಿನ ಆಸುಪಾಸಿನ ರಸ್ತೆಗೆ ಮೂರು ಸಾವಿರ ಕೋಟಿ ಕೊಡಲು ಹಿಂಜರಿದದ್ದು ವಿವೇಕವೇ. ನನ್ನ ತಕರಾರು ಬೇರೆ. ಈ ವಿವೇಕ ರಾಜಮನೆತನದ ಗೋಡೆಯ ಮುಂದೆ ಮಾತ್ರ ಯಾಕೆ ಎಚ್ಚರವಾಯಿತು?

2009ರ ಸುಮಾರಿಗೆ ಬಿಬಿಎಂಪಿ ಊರಿನ 216 ರಸ್ತೆಗಳನ್ನು ಅಗಲ ಮಾಡಲು ಪಟ್ಟಿ ಮಾಡಿತ್ತು. ಅಲ್ಲಿನ ಅಂಗಡಿಯವರಿಗೆ, ಮನೆಯವರಿಗೆ ತೋರಿಸಿದ್ದೂ ಟಿಡಿಆರ್ ಪತ್ರವನ್ನೇ. ಆದರೆ ಹತ್ತಡಿ ಅಗಲದ ಹೊಲಿಗೆ ಅಂಗಡಿಯಲ್ಲಿ ಆರಡಿ ಕಳೆದುಕೊಂಡವನು ಆ ಪತ್ರವನ್ನು ಏನು ಮಾಡಬೇಕು? ಬೇರೆ ಅಂತಸ್ತು ಕಟ್ಟಲು ಅವನಿಗೆ ಬೇರೆ ಜಾಗವಿಲ್ಲ. ಮಾರಲು ಹೋದರೆ ದಲ್ಲಾಳಿ ಹೇಳಿದ್ದೇ ಬೆಲೆ. ಟಿಡಿಆರ್ ಸುತ್ತ ಎಂಥ ಸಂತೆ ನೆರೆದಿತ್ತು ಎನ್ನುವುದು 2019ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ದಾಳಿ ಮಾಡಿದಾಗ ಊರಿಗೆಲ್ಲ ಗೊತ್ತಾಯಿತು. ಆ ಸಣ್ಣ ಮಾಲೀಕರಿಗೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿಯಿರಲಿಲ್ಲ. ಅವರಲ್ಲಿ ಯಾರ ಜಾಗಕ್ಕೂ ಎಕರೆಗೆ 190 ಕೋಟಿಯ ಲೆಕ್ಕ ಮೇಜಿನ ಮೇಲೆ ಬೀಳಲಿಲ್ಲ. ಅಗಲೀಕರಣ ನಮಗೆ ಅಗ್ಗದ ಪರಿಹಾರವಾಗಿ ಕಂಡದ್ದು ಜಾಗದ ಬೆಲೆಯನ್ನು ಜಾಗ ಕಳೆದುಕೊಂಡವರ ತಲೆಗೇ ಕಟ್ಟಿದ್ದರಿಂದ.

ಈ ಮಾತು ಬೆಂಗಳೂರಿಗಷ್ಟೇ ಸೇರಿದ್ದಲ್ಲ. ನಮ್ಮ ಕಡೆಯ ಒಂದು ಸಣ್ಣ ಊರಿನಲ್ಲಿ ಪೇಟೆ ರಸ್ತೆ ಅಗಲವಾದಾಗ ಚಿಕ್ಕಮ್ಮನ ಮನೆಯ ಜಗಲಿ ಹೋಯಿತು. ಗೋಡೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದವರು ಜಗಲಿಯನ್ನು ಮನೆಯ ಭಾಗವೆಂದು ಎಣಿಸಿರಲಿಲ್ಲ. ಒಂದೂವರೆ ಅಡಿ ಎತ್ತರದ ಆ ಕಲ್ಲಿನ ಮೇಲೆ ಹೂ ಕಟ್ಟುತ್ತಿದ್ದರು, ಹಪ್ಪಳ ಒಣಗಿಸುತ್ತಿದ್ದರು, ಸಂಜೆ ದಾರಿಹೋಕರು ಕೂತು ನೀರು ಕೇಳುತ್ತಿದ್ದರು. ಈಗ ಬಾಗಿಲು ತೆಗೆದರೆ ನೇರ ಲಾರಿ. ಜಗಲಿಗೆ ಮಾರ್ಗಸೂಚಿ ದರ ಎಲ್ಲಿಂದ ಬರಬೇಕು!

ಮತ್ತೆ ಬಳ್ಳಾರಿ ರಸ್ತೆಗೆ ಬರುತ್ತೇನೆ. ದುಡ್ಡಿನ ಮಾತು ಬಿಟ್ಟು ಯೋಜನೆಯ ಎಂಜಿನಿಯರಿಂಗ್ ಅನ್ನಷ್ಟೇ ತೂಗಿದರೂ ಅದು ಅರೆಬೆಂದದ್ದು. ಊರೊಳಗಿನ ರಸ್ತೆ ಎಷ್ಟು ವಾಹನ ಸಾಗಿಸುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಅದರ ನಡುಭಾಗಕ್ಕಿಂತ ಹೆಚ್ಚಾಗಿ ಅದರ ಕೂಡುರಸ್ತೆಗಳು. ಕೊಡದ ಹೊಟ್ಟೆ ಎಷ್ಟೇ ದೊಡ್ಡದಿರಲಿ, ನೀರು ಬರುವುದು ಕಂಠದ ಅಳತೆಗೆ. ಮೈದಾನದ ಪಕ್ಕ ಎರಡು ಪಥ ಹೆಚ್ಚಿಸಿ, ಮುಂದೆ ಕಾವೇರಿ ಜಂಕ್ಷನ್ನಿನ ಅಂಡರ್‌ಪಾಸಿನಲ್ಲಿ ಮತ್ತೆ ಹಳೆಯ ಅಗಲಕ್ಕೇ ಸೇರಿಸಿದರೆ, ಉದ್ದವಾಗಿ ನಿಲ್ಲುತ್ತಿದ್ದ ಸಾಲು ಅಡ್ಡವಾಗಿ ನಿಲ್ಲುತ್ತದೆ. ಅಂದ ಹಾಗೆ ಆ ಅಂಡರ್‌ಪಾಸನ್ನು 'ಮ್ಯಾಜಿಕ್ ಬಾಕ್ಸ್' ಎಂದು ಕರೆದು 72 ಗಂಟೆಯಲ್ಲಿ ಮುಗಿಸುತ್ತೇವೆ ಎಂದಿದ್ದರು. ಮ್ಯಾಜಿಕ್ ಮುಗಿಯಲು ಅದಕ್ಕಿಂತ ಬಹಳ ಹೆಚ್ಚು ದಿನ ಹಿಡಿಯಿತು.

ಈ ರಸ್ತೆಗೆ ಇಂಥ ಔಷಧಿಗಳ ಚೀಟಿ ಹೊಸದೇನಲ್ಲ. ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ ಸುಮಾರು 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಎಂದರು, 812 ಮರ ಬೀಳಬೇಕಿತ್ತು. 2016ರ ಅಕ್ಟೋಬರಿನಲ್ಲಿ ಜನ ರಸ್ತೆಯ ಉದ್ದಕ್ಕೂ ಮಾನವ ಸರಪಳಿ ಕಟ್ಟಿ 'ಬೇಡ' ಎಂದರು, 2017ರ ಮಾರ್ಚಿನಲ್ಲಿ ಸರ್ಕಾರ ಕೈಬಿಟ್ಟಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ಎನ್ನುತ್ತಿದ್ದಾರೆ. ಮೇಲೆ, ಪಕ್ಕಕ್ಕೆ, ಕೆಳಗೆ. ದಿಕ್ಕು ಬದಲಾದರೂ ಎಣಿಸುವ ವಸ್ತು ಬದಲಾಗಿಲ್ಲ: ವಾಹನ.

ಜನರನ್ನು ಎಣಿಸಿದರೆ ಲೆಕ್ಕ ಹೇಗಾಗುತ್ತದೆ? ಒಂದು ಪಥದಲ್ಲಿ ಗಂಟೆಗೆ ಬಹಳವೆಂದರೆ ಎರಡು ಸಾವಿರದಷ್ಟು ಕಾರು ಹೋಗಬಹುದು, ಅದೂ ಸಿಗ್ನಲ್ ಇಲ್ಲದಿದ್ದರೆ. ಕಾರಿಗೆ ಒಂದೂವರೆ ಜನ ಎಂದುಕೊಂಡರೂ ಮೂರು ಸಾವಿರ. ಅದೇ ಪಥದಲ್ಲಿ ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ ಐವತ್ತು ಜನ ಎಂದರೆ ಅಷ್ಟೇ ಮೂರು ಸಾವಿರ, ಮತ್ತು ರಸ್ತೆ ಮುಕ್ಕಾಲು ಪಾಲು ಖಾಲಿ. ಒಂದು ಕೋಟಿ ದಾಟಿದ ವಾಹನಗಳ ಊರಿನಲ್ಲಿ ಏಳು ಸಾವಿರದ ಆಸುಪಾಸಿನ ಬಿಎಂಟಿಸಿ ಬಸ್ಸುಗಳು ದಿನಕ್ಕೆ ಸುಮಾರು 40 ಲಕ್ಷ ಪ್ರಯಾಣಗಳನ್ನು ಹೊರುತ್ತವೆ. ಸಾಗಿಸಬೇಕಾದದ್ದು ಜನರನ್ನು, ವಾಹನಗಳನ್ನಲ್ಲ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬಸ್ಸುಗಳಿಗೆ ಪ್ರತ್ಯೇಕ ಪಥ ಬಿಟ್ಟರು. ಒಂದಡಿ ಜಾಗವನ್ನೂ ಯಾರಿಂದಲೂ ಕಸಿಯದೆ ಬಸ್ಸಿನ ವೇಗ ಹೆಚ್ಚಾಯಿತು. ಆಮೇಲೆ ಮೆಟ್ರೋ ಕಾಮಗಾರಿ ಬಂತು, ಪಥ ಅಳಿಸಿಹೋಯಿತು. ಅಗಲೀಕರಣಕ್ಕೆ ಇರುವ ಹಠ ಬಸ್ ಪಥಕ್ಕೆ ಇದ್ದಿದ್ದರೆ!

ಅಗಲವನ್ನು ಹೆಚ್ಚಿಸದೆ ಸರಿಮಾಡಿಕೊಂಡ ರಸ್ತೆಗಳೂ ಈ ಊರಲ್ಲೇ ಇವೆ. ಟೆಂಡರ್ ಶ್ಯೂರ್ ಎಂಬ ಹೆಸರಿನಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳ ಪಥಗಳನ್ನು ಒಂದೇ ಅಗಲಕ್ಕೆ ತಂದು, ಉಳಿದದ್ದನ್ನು ಫುಟ್‌ಪಾತಿಗೆ ಕೊಟ್ಟರು. ರಸ್ತೆ ಕಿರಿದು ಮಾಡಿದರು ಎಂದು ಆಗ ಬೈದವರಲ್ಲಿ ನಾನೂ ಒಬ್ಬ. ದುಬಾರಿಯಾಯಿತು ಎಂಬ ಆಕ್ಷೇಪ ನನ್ನದು ಈಗಲೂ ಇದೆ. ಆದರೆ ಅಲ್ಲಿ ನನ್ನ ತಾಯಿ ಕೈ ಹಿಡಿಸಿಕೊಳ್ಳದೆ ನಡೆದರು.

ಮೇಖ್ರಿ ಸರ್ಕಲ್ ಎಂಬ ಹೆಸರು ಇನಾಯತುಲ್ಲಾ ಮೇಖ್ರಿಯವರದು, ಸ್ವಾತಂತ್ರ್ಯ ಹೋರಾಟಗಾರರು. ಈ ಜಾಗದಲ್ಲಿ ಬಳ್ಳಾರಿ ರಸ್ತೆಗೆ ಕಡಿದಾದ ಏರು ಇತ್ತಂತೆ. ಭಾರದ ಗಾಡಿ ಎಳೆಯುವ ಎತ್ತುಗಳು ಅಲ್ಲಿ ಮೊಣಕಾಲೂರುವುದನ್ನು ನೋಡಲಾರದೆ 1930ರ ದಶಕದಲ್ಲಿ ಅವರು ಕೈಯಿಂದ ದುಡ್ಡು ಹಾಕಿ ಏರನ್ನು ತಗ್ಗಿಸಿದರು ಎಂದು ಹೇಳುತ್ತಾರೆ. ರಸ್ತೆ ಸುಧಾರಣೆ ಎಂದರೆ ಇದು. ಮೊದಲು ಕಷ್ಟಪಡುತ್ತಿರುವವರು ಯಾರು ಎಂದು ನೋಡಿದರು, ಆಮೇಲೆ ಎಷ್ಟು ಮಣ್ಣು ತೆಗೆಯಬೇಕೆಂದು. ಹದಿನೈದು ವರ್ಷದ ಈ ಯೋಜನೆಯ ಸುತ್ತ ನಾನು ಓದಿದ ಮಾತುಗಳಲ್ಲೆಲ್ಲ ಎಕರೆ ಬರುತ್ತದೆ, ಗುಂಟೆ ಬರುತ್ತದೆ, ಕೋಟಿ ಬರುತ್ತದೆ. ಎತ್ತಿನ ಜಾಗದಲ್ಲಿ ಈಗ ಯಾರಿದ್ದಾರೆ ಎಂಬ ಪ್ರಶ್ನೆ ಬರುವುದಿಲ್ಲ.

ಅವರನ್ನು ನೋಡಬೇಕೆಂದರೆ ಕಾರಿನಿಂದ ಇಳಿದು ಸಂಜೆ ಸರ್ಕಲ್ಲಿನ ಬಸ್ ಸ್ಟಾಪಿನಲ್ಲಿ ನಿಲ್ಲಬೇಕು. ಬಸ್ಸು ಸ್ಟಾಪಿನ ಹತ್ತಿರ ಬರುವುದಿಲ್ಲ, ಎಡಪಥ ಆಟೋಗಳಿಂದ ತುಂಬಿರುತ್ತದೆ. ಎರಡನೇ ಪಥದಲ್ಲಿ ಅರೆನಿಮಿಷ ನಿಧಾನವಾಗುತ್ತದೆ. ಕೈಯಲ್ಲಿ ಟಿಫಿನ್ ಬ್ಯಾಗು ಹಿಡಿದ ಹೆಂಗಸರು ಬೈಕುಗಳ ನಡುವೆ ಕೈ ಅಡ್ಡ ಮಾಡಿಕೊಂಡು ರಸ್ತೆಗೆ ಇಳಿದು ಓಡುತ್ತಾರೆ. "ಬೇಗ ಹತ್ರಮ್ಮ, ಹಿಂದೆ ಹಾರ್ನ್ ಹೊಡೀತಾವ್ರೆ" ಎಂದು ಕಂಡಕ್ಟರು ಕೂಗುತ್ತಾನೆ.