ಪಾಯಾ ಕಾಣದ ಮನೆಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಎರಡನೆಯ ಅರ್ಧವನ್ನು ಕನ್ನಡ ಕಥನ ಸಾಹಿತ್ಯ ಬೇಕಾದಷ್ಟು ಜಗ್ಗಾಡಿದೆ. ಹೆಣ್ಣು ನೋಡುವುದು, ವರದಕ್ಷಿಣೆ, ಬೀಗರ ಮುನಿಸು, ಮುರಿದ ಸಂಬಂಧ, ಯಾವುದನ್ನೂ ಬಿಟ್ಟಿಲ್ಲ. ಮೊದಲ ಅರ್ಧದ ಮಾತು ಬಂದಾಗ ಮಾತ್ರ ನಮ್ಮ ಕಾದಂಬರಿಗಳಿಗೆ ಎಲ್ಲಿಲ್ಲದ ಅವಸರ. ಇಂಥವರು ಮನೆ ಕಟ್ಟಿಸಿದರು ಎಂದು ಒಂದು ವಾಕ್ಯ ಬರುತ್ತದೆ. ಮುಂದಿನ ಪುಟದಲ್ಲಿ ಪಾತ್ರಗಳೆಲ್ಲ ಪಡಸಾಲೆಯಲ್ಲಿ ಕೂತು ಜಗಳ ಶುರು ಮಾಡಿರುತ್ತವೆ. ಕನ್ನಡ ಕಾದಂಬರಿಗಳಲ್ಲಿ ಮನೆ ಎಂಬ ವಿಷಯದ ಮೇಲೆ ಸಂಶೋಧನೆ ಮಾಡುತ್ತ ನಾಲ್ಕು ವರ್ಷ ಕಳೆದಿದ್ದೇನೆ. ಒಡೆದ ಮನೆ, ಪಾಲಾದ ಮನೆ, ಹರಾಜಾದ ಮನೆ, ಬಾಡಿಗೆ ಮನೆ ಇವೆಲ್ಲ ಟಿಪ್ಪಣಿ ಕಾರ್ಡುಗಳಲ್ಲಿ ತುಂಬಿಹೋಗಿವೆ. 'ಕಟ್ಟುವುದು' ಎಂದು ಬರೆದಿಟ್ಟ ಕಾರ್ಡಿನ ಕಟ್ಟು ಇನ್ನೂ ತೆಳ್ಳಗೇ ಇದೆ.

ಇಟ್ಟಂಗಿ, ಸಿಮೆಂಟು, ದರಪಟ್ಟಿ ಇವುಗಳಲ್ಲಿ ಕತೆ ಎಲ್ಲಿದೆ ಎಂದು ಕೇಳಬಹುದು. ಹಾಗೆ ಕೇಳುವವರು ವಿ. ಎಸ್. ನೈಪಾಲರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' (1961) ಓದಬೇಕು. ಟ್ರಿನಿಡಾಡಿನ ಒಬ್ಬ ಸಾಮಾನ್ಯ ಮನುಷ್ಯನಿಗೆ ಸ್ವಂತದ ಒಂದು ಮನೆ ಬೇಕು, ಇಡೀ ದೊಡ್ಡ ಕಾದಂಬರಿಯ ಹಂಬಲ ಅಷ್ಟೇ. ಗ್ರೀನ್ ವೇಲ್‌ನಲ್ಲಿ ಬಿಸ್ವಾಸ್ ಅರೆಬರೆ ದುಡ್ಡಿನಲ್ಲಿ ಮನೆ ಎಬ್ಬಿಸಲು ಹೊರಟಾಗ ಮಾಡಿಗೆ ಬರುವುದು ಹಳೆಯ ತಗಡು. ಅದರ ತೂತು ಮುಚ್ಚಲು ಹಚ್ಚಿದ ಡಾಂಬರು ಬಿಸಿಲಿಗೆ ಕರಗಿ ಒಳಗೆ ಹಾವುಗಳಂತೆ ಜೋತು ಬೀಳುತ್ತದೆ. ಬಿಸ್ವಾಸನ ಮನಸ್ಸು ಕದಡಿದ್ದನ್ನು ಹೇಳಲು ನೈಪಾಲರಿಗೆ ಬೇರೆ ರೂಪಕ ಬೇಕಾಗಲಿಲ್ಲ. ಕಳಪೆ ಸಾಮಾನೇ ಸಾಕಾಯಿತು.

ಕನ್ನಡದಲ್ಲಿ ಇದರ ಹತ್ತಿರ ಬರುವುದು, ನಾನು ಓದಿದ ಮಟ್ಟಿಗೆ, ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'. 1940ರ ದಶಕದ ಆರಂಭದ ಈ ಕಾದಂಬರಿಯನ್ನು ಮೂರು ತಲೆಮಾರಿನ ಕತೆ ಎಂದು ಪಾಠ ಹೇಳಿಸಿಕೊಂಡವರು ನಾವು. ಅದನ್ನು ಮಾಡುಗಳ ಕತೆಯಾಗಿಯೂ ಓದಬಹುದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಆ ಹಂಚು ಕರಾವಳಿಯ ಹುಲ್ಲಿನ ಮಾಡುಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತ ಹೋದ ಕಾಲವೇ ಕಾದಂಬರಿಯ ಕಾಲ. ರಾಮ ಐತಾಳರಿಗೂ ಶೀನ ಮಯ್ಯರಿಗೂ ನಡುವಿನ ಪೈಪೋಟಿಯ ಹಿಂದೆ ಬೆಂಗಳೂರಿನ ಹೋಟೆಲಿನಿಂದ ಬರುವ ರೊಕ್ಕವಿದೆ. ಊರಲ್ಲಿ ಯಾರು ಮೇಲೆ ಎಂಬುದನ್ನು ಮನೆಯನ್ನು ನೋಡಿ ತೀರ್ಮಾನಿಸುವ ಕಾಲ ಬಂದಿದೆ. ಆದರೆ ಕಾರಂತರು ಅಷ್ಟಕ್ಕೇ ನಿಲ್ಲದೆ, ಆ ಮನೆತನ ಯಾರ ಬೆನ್ನಿನ ಮೇಲೆ ನಿಂತಿದೆ ಎಂಬುದನ್ನೂ ತೋರಿಸುತ್ತಾರೆ. ಪಾರೋತಿ, ಸರಸೋತಿ ಇಬ್ಬರೂ ಗದ್ದೆಯಲ್ಲಿ ದುಡಿಯುತ್ತಾರೆ, ಹೊಳೆಯಲ್ಲಿ ತೇಲಿಬರುವ ಸೌದೆ ಹಿಡಿಯುತ್ತಾರೆ. ಐತಾಳರ ಅಭಿಮಾನಕ್ಕೆ ಕೂಲಿಯಿಲ್ಲದ ಆಳುಗಳು ಅವರೇ. ಗಂಟು ಕಟ್ಟಿದ್ದು ಲಚ್ಚನ ಕೈಯಲ್ಲಿ ಕರಗುವಾಗ ನಮಗೆ ಸಂಕಟವಾಗುವುದು ಆಸ್ತಿ ಹೋಯಿತೆಂದಲ್ಲ, ಆ ಇಬ್ಬರು ಹೆಂಗಸರ ಬೆವರಿನ ಲೆಕ್ಕ ನಮ್ಮ ಬಳಿ ಇದೆಯೆಂದು.

ಲೆಕ್ಕ ಎಂದ ಕೂಡಲೆ ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ನೆನಪಾಗುತ್ತದೆ. ರೈಲಿನ ಬೋಗಿಗಳಂತೆ ಒಂದರ ಹಿಂದೊಂದು ಕೋಣೆಯಿದ್ದ ಹಳೆಯ ಮನೆಯಲ್ಲಿ ಅಪ್ಪನ ದಿನದ ಲೆಕ್ಕ ತಾಳೆಯಾಗದಿದ್ದರೆ ಇಡೀ ಕುಟುಂಬಕ್ಕೆ ನಿದ್ದೆಯಿಲ್ಲ. ಹೊಸ ಮನೆಗೆ ಹೋದ ಮೇಲೆ ಸಾಮಾನು ಬಂದು ತುಂಬುತ್ತದೆ, ಯಾರೂ ಕೂತು ಎಣಿಸುವುದಿಲ್ಲ. ಇಲ್ಲಿ ಮನೆಯ ಹುಟ್ಟನ್ನು ಹೇಳದಿರುವುದು ಅವಸರವಲ್ಲ, ಅದೇ ಕತೆಯ ಅರ್ಥ. ಎಣಿಸಬೇಕಿಲ್ಲದ ದುಡ್ಡಿನ ಮನೆಗೆ ಪಾಯಾ ಇರುವುದಿಲ್ಲ. ಶಾನಭಾಗರ ಮೌನವನ್ನು ನಾನು ಒಪ್ಪುತ್ತೇನೆ. ಉಳಿದವರ ಮೌನದ ಬಗ್ಗೆಯೇ ನನ್ನ ತಕರಾರು.

ಈ ಮೌನಕ್ಕೆ ನಮ್ಮ ವ್ಯಾಕರಣವೂ ಕೈಜೋಡಿಸಿದೆ. ಕನ್ನಡದಲ್ಲಿ ಕಟ್ಟು ಬೇರೆ, ಕಟ್ಟಿಸು ಬೇರೆ. ಆ 'ಇಸು' ಪ್ರತ್ಯಯ ಬಹಳ ಪ್ರಾಮಾಣಿಕವಾದದ್ದು. ಮಾಡಿದವರು ಬೇರೆ ಯಾರೋ ಎಂದು ಒಪ್ಪಿಕೊಳ್ಳುತ್ತದೆ. ಒಪ್ಪಿಕೊಂಡ ಮರುಕ್ಷಣವೇ ಅವರನ್ನು ವಾಕ್ಯದಿಂದ ಹೊರಗೂ ಹಾಕುತ್ತದೆ. ಯಾರಿಂದ ಕಟ್ಟಿಸಿದ ಎಂದು ಹೇಳದೆಯೂ ವಾಕ್ಯ ಪೂರ್ಣವಾಗುತ್ತದಲ್ಲ. ಗಾದೆಯಲ್ಲಂತೂ ಆ ಪ್ರತ್ಯಯವೂ ಇಲ್ಲ, ಮಾಲೀಕನೇ ಕಟ್ಟಿಬಿಟ್ಟಿದ್ದಾನೆ. ಉಳ್ಳವರ ಶಿವಾಲಯವನ್ನೂ ಬಡವನ ದೇಹವನ್ನೂ ಎದುರುಬದುರು ಇಟ್ಟ ಬಸವಣ್ಣನವರ ವಚನವನ್ನು ತರಗತಿಯಲ್ಲಿ ಓದಿಸುವಾಗಲೆಲ್ಲ ನನಗೆ ಒಂದು ತಲೆಹರಟೆ ಯೋಚನೆ ಬರುತ್ತದೆ. ಆ ಶಿವಾಲಯದ ಕಲ್ಲು ಹೊತ್ತವನೂ ಅದೇ ಬಡವನೇ ಇರಬೇಕಲ್ಲ?

'ಕೆರೆಗೆ ಹಾರ'ದಲ್ಲೂ ಗೌಡ ಕೆರೆ ಕಟ್ಟಿಸುವವನೇ. ಕೆರೆ ಮನೆಯಲ್ಲ, ನಿಜ. ಆದರೂ ನಮ್ಮಲ್ಲಿ ಕಟ್ಟಡದ ಕತೆ ಎಂದು ಎಲ್ಲರ ಬಾಯಲ್ಲಿರುವುದು ಅದೊಂದೇ. ನೀರು ಬೀಳುವುದಿಲ್ಲ, ಶಾಸ್ತ್ರ ಕೇಳುತ್ತಾರೆ, ಸೊಸೆಯನ್ನು ಬಲಿ ಕೊಡಬೇಕೆಂದು ಬರುತ್ತದೆ, ಕಿರಿಯ ಸೊಸೆ ಭಾಗೀರಥಿಯ ಮೇಲೆ ಬೆರಳು ಇಡುತ್ತಾರೆ. ಇದನ್ನು ಬಲಿಯ ಕತೆಯಾಗಿ, ಹೆಣ್ಣಿನ ದುರಂತವಾಗಿ ನಮ್ಮ ವಿಮರ್ಶೆ ಸಾಕಷ್ಟು ಓದಿದೆ. ಕೆಲಸ ನಡೆಸುವವರ ಸಭೆಯಾಗಿ ಓದಿದರೆ ಇನ್ನಷ್ಟು ಕ್ರೂರವಾಗುತ್ತದೆ: ಕೆಲಸ ಕೆಟ್ಟಿದೆ, ಹಿರಿಯರು ಕೂತಿದ್ದಾರೆ, ಯಾರನ್ನು ಕಳೆದುಕೊಂಡರೆ ಹೊರೆ ಕಡಿಮೆ ಎಂದು ಲೆಕ್ಕ ಹಾಕುತ್ತಿದ್ದಾರೆ. ಇದೇ ಬಗೆಯ ಕತೆ ಬಾಲ್ಕನ್ ದೇಶಗಳಲ್ಲೂ ಇದೆ. ಅಲನ್ ಡಂಡಿಸ್ 1996ರಲ್ಲಿ ಈ ಕಥಾಗುಚ್ಛದ ಮೇಲೆ ಒಂದು ಸಂಕಲನವನ್ನೇ ತಂದರು. ರುಮೇನಿಯಾದ ಲಾವಣಿಯಲ್ಲಿ ಗೋಡೆಯೊಳಗೆ ಸೇರುವವಳು ಮೇಸ್ತ್ರಿ ಮನೋಲೆಯ ಹೆಂಡತಿ. ಅಲ್ಲಿ ಗವಂಡಿಯೇ ನಾಯಕ, ಅವನಿಗೊಂದು ಹೆಸರಿದೆ, ಕಳೆದುಕೊಳ್ಳುವವನೂ ಅವನೇ. ನಮ್ಮ ಹಾಡಿನಲ್ಲಿ ದುಃಖವೂ ಗೌಡರ ಮನೆಯದೇ. ಕೆರೆ ಅಗೆದ ಒಡ್ಡರಿಗೆ ಅಳುವುದಕ್ಕೂ ಜಾಗವಿಲ್ಲ.

ಹಾಗಾದರೆ ಕಟ್ಟುವ ಕೆಲಸದ ಕನ್ನಡ ಬರಹ ಎಲ್ಲಿದೆ? ನನ್ನ ಮಟ್ಟಿಗೆ ಅದು ಒಂದು ಇನ್ನೂರು ಪುಟದ ರೂಲಿನ ವಹಿಯಲ್ಲಿದೆ. ನನ್ನ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಹುಬ್ಬಳ್ಳಿ-ಧಾರವಾಡದ ಅಂಚಿನಲ್ಲಿ ಮೂವತ್ತು-ನಲವತ್ತರ ಪ್ಲಾಟಿನಲ್ಲಿ ಮನೆ ಎಬ್ಬಿಸಿದಾಗ ದಿನಾ ರಾತ್ರಿ ಬರೆದಿಟ್ಟ ವಹಿ ಅದು. ಇದನ್ನು ಪಠ್ಯವಾಗಿ ಓದುವುದು ನನಗೆ ಹೊಸದು, ನನ್ನ ಮಾರ್ಗದರ್ಶಕರಿಗೆ ಇನ್ನೂ ಅನುಮಾನ. ಆದರೂ ಅದರ ಭಾಷೆ ನೋಡಿ: ಉತಾರ, ಪಾಯಾ, ಗರಸು, ಖಡಿ, ಉಸುಕು, ಸೆಂಟ್ರಿಂಗ್, ಗಿಲಾವು. ಉರ್ದು, ಮರಾಠಿ, ಇಂಗ್ಲಿಷು ಎಲ್ಲ ಒಂದೇ ಬುಟ್ಟಿಯಲ್ಲಿ ಕಲಸಿಕೊಂಡ ಈ ಕನ್ನಡವನ್ನು ಧಾರವಾಡದ ಗದ್ಯ ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ. ನಮ್ಮ ನಾಟಕಗಳು, ಕತೆಗಳು ಇಲ್ಲಿನ ಮನೆಮಾತನ್ನು ಎಷ್ಟು ರುಚಿಯಾಗಿ ತಂದಿವೆ! ಅದು ಪಡಸಾಲೆಯ, ಅಡಿಗೆಮನೆಯ ಮಾತು. ಗವಂಡಿಯ ಮಾತು ಹೊಸ್ತಿಲ ಹೊರಗೇ ನಿಂತಿದೆ.

ವಹಿಗೆ ಕಥನದ ಒಂದು ಕ್ರಮವೂ ಇದೆ. ಮೊದಲ ಪುಟದಲ್ಲಿ ಅಂದಾಜು ಖರ್ಚು, ನಾಲ್ಕು ಸಾಲು, ದುಂಡು ಅಕ್ಷರ. ಆರನೆಯ ಪುಟಕ್ಕೇ ಆ ಅಂದಾಜು ಸತ್ತಿರುತ್ತದೆ. ಕಾರಣ ನಮ್ಮ ಎರಿ ಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ನೆಲದಲ್ಲಿ ಗಟ್ಟಿ ಗರಸು ಸಿಗುವ ತನಕ ತೋಡಬೇಕು. ಮೇಲೆ ಬಿಟ್ಟರೆ ಎರಡು ವರ್ಷಕ್ಕೆ ಗೋಡೆ ಸೀಳುತ್ತದೆ. ಕಣ್ಣಿಗೆ ಕಾಣುವ ಒಂದು ಇಟ್ಟಂಗಿ ಇಡುವ ಮೊದಲೇ ರೊಕ್ಕದ ದೊಡ್ಡ ಪಾಲು ನೆಲದೊಳಗೆ ಹೋಗಿರುತ್ತದೆ. ಅಲ್ಲಿಂದ ಮುಂದೆ ಅಕ್ಷರ ಸಣ್ಣದಾಗುತ್ತದೆ, ಸೊಸೈಟಿ ಸಾಲದ ಕಂತು ಬರುತ್ತದೆ, ಮಾವನಿಂದ ಕೈಗಡ ಬರುತ್ತದೆ. ಲೇಬರ್ ಕಾಂಟ್ರ್ಯಾಕ್ಟ್ ಗವಂಡಿಯದು, ಸಾಮಾನು ನಮ್ಮದು ಎಂಬ ಒಪ್ಪಂದ. ಹಾಗಾಗಿ ಉಸುಕಿನ ಟ್ರ್ಯಾಕ್ಟರ್ ತಡವಾದ ದಿನ ಕೂತ ಆಳಿನ ಕೂಲಿ ಯಾರು ಕೊಡಬೇಕು ಎಂಬ ಜಗಳ ಮೂರು ಕಡೆ ಬರುತ್ತದೆ. ಪಾತ್ರಗಳ ನಡುವಿನ ಸಂಘರ್ಷ ಎಂದು ನಾವು ತರಗತಿಯಲ್ಲಿ ಕರೆಯುವುದು ಇದನ್ನೇ.

ಸ್ಲ್ಯಾಬು ಹಾಕಿದ ಮೇಲಿನ ಎರಡು ವಾರದ ಪುಟಗಳು ಖಾಲಿ. ಕೆಲಸ ನಿಂತಿರಲಿಲ್ಲ, ಅವ್ವ ಮಾಡುತ್ತಿದ್ದಳು. ಸ್ಲ್ಯಾಬಿನ ಮೇಲೆ ಮಣ್ಣಿನ ಒಡ್ಡು ಕಟ್ಟಿ ದಿನಾ ಮೂರು ಹೊತ್ತು ನೀರು ನಿಲ್ಲಿಸಬೇಕು. ಸವದತ್ತಿಯ ಮಲಪ್ರಭಾ ಜಲಾಶಯದ ನಳದ ನೀರು ನಮ್ಮ ಕಡೆ ಆಗ ವಾರಕ್ಕೊಮ್ಮೆ. "ಏನ್ರಿ, ಈ ನೀರು ಮನಿ ಕುಡೀಬೇಕೋ, ನಾವು ಕುಡೀಬೇಕೋ?" ಎಂದು ಅವಳು ಕೇಳಿದ್ದು ವಹಿಯಲ್ಲಿ ಇಲ್ಲ. ದುಡ್ಡು ಕೈ ಬದಲಾಯಿಸದ ಕೆಲಸಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ಪಾರೋತಿ, ಸರಸೋತಿಯರಿಗೆ ಕಾರಂತರು ಸಿಕ್ಕಿದ್ದರು.

ನಮ್ಮ ಊರು ಮನೆಗಳ ಹೆಸರನ್ನು ಜೋಪಾನ ಮಾಡುವ ಊರು. ಸಾಧನಕೇರಿಯ ಬೇಂದ್ರೆಯವರ 'ಶ್ರೀಮಾತಾ', ಕಲ್ಯಾಣನಗರದ ಚೆನ್ನವೀರ ಕಣವಿಯವರ 'ಚೆಂಬೆಳಕು', ಮಲ್ಲಿಕಾರ್ಜುನ ಮನಸೂರರ 'ಮೃತ್ಯುಂಜಯ'. ಹೊರಗಿನಿಂದ ಗೆಳೆಯರು ಬಂದರೆ ಕರೆದುಕೊಂಡು ಹೋಗಿ ತೋರಿಸುತ್ತೇವೆ, ನನಗೂ ಅದರ ಹೆಮ್ಮೆಯಿದೆ. ಅದೇ ಊರಿನ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಇನ್ನೂ ಕೆಲಸ ನಡೆಯುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಆ ಬಗ್ಗೆ ಒಂದು ಗಟ್ಟಿ ಕತೆ, ಒಂದು ನಾಟಕ ಇವತ್ತಿನವರೆಗೂ ನನ್ನ ಕಣ್ಣಿಗೆ ಬಿದ್ದಿಲ್ಲ. ಪತ್ರಿಕೆಗಳಲ್ಲಿ ಬಂದದ್ದು ಸಾಹಿತ್ಯಕ್ಕೆ ಬಾರದೆ ಹೋಗುವುದು ಹೊಸತೇನಲ್ಲ. ಆದರೆ ಸಣ್ಣ ಸಭೆಯ ಮೇಲೂ ಹತ್ತು ಕವಿತೆ ಹುಟ್ಟುವ ಊರಿನಲ್ಲಿ ಇದು ನನಗೆ ವಿಚಿತ್ರವೆನಿಸುತ್ತದೆ.

ವಹಿಯಲ್ಲಿ ಕೂಲಿಯ ಪುಟಗಳು ಒಂದೇ ತರಹ ಇವೆ: ಗವಂಡಿ ಇಬ್ಬರು, ಗಂಡಾಳು ಇಬ್ಬರು, ಹೆಣ್ಣಾಳು ಮೂವರು. ಕೊಪ್ಪಳದ ಕಡೆಯಿಂದ ಗುಳೆ ಬಂದವರು. ಹೆಣ್ಣಾಳಿನ ಕೂಲಿ ಗಂಡಾಳಿಗಿಂತ ಕಡಿಮೆ. ಬುಟ್ಟಿಯ ತೂಕ ಎಲ್ಲರಿಗೂ ಅಷ್ಟೇ. ನೂರಾ ಎಂಬತ್ತು ಪುಟಗಳಲ್ಲಿ ಒಬ್ಬ ಹೆಣ್ಣಾಳಿನ ಹೆಸರು ಮಾತ್ರ ಒಂದು ಕಡೆ ಬರುತ್ತದೆ. ಮಗಳ ಬಾಣಂತನಕ್ಕೆಂದು ಆಕೆ ಮುಂಗಡ ತೆಗೆದುಕೊಂಡಿದ್ದಳು, ಅದು ಯಾರ ಲೆಕ್ಕಕ್ಕೆ ಎಂದು ನೆನಪಿರಬೇಕಿತ್ತು. ಆರು ವಾರ ಆ ಹೆಸರಿನ ಮುಂದೆ ಕಡಿತದ ಅಂಕಿಗಳಿವೆ. ಸಾಲ ತೀರಿದ ದಿನ ಅಪ್ಪ ಹೆಸರಿನ ಮೇಲೆ ನೇರ ಗೆರೆ ಎಳೆದಿದ್ದಾರೆ. ಮರುದಿನದ ಪುಟದಲ್ಲಿ ಮತ್ತೆ ಹೆಣ್ಣಾಳು ಮೂವರು.